ಅಕ್ಕನ ಪಾದ ತೊಳೆದ ಆಯಾ

ಲಕ್ವ ಹೊಡೆದು ಮಲಗಿದ್ದ ನನ್ನ ಅಕ್ಕನನ್ನು ನೋಡಿಕೊಳ್ಳಲು ಪದ್ಮನಾಭನಗರದ ನಮ್ಮ ಮನೆಗೆ ಚಿಕ್ಕಲಸಂದ್ರದಿಂದ ಒಬ್ಬ ಆಯಾ ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಕ್ಕನ ಗಂಟುಗಟ್ಟಿದ ಕೂದಲನ್ನು ಬುಡದ ಹತ್ತಿರ ಒಂದು ಕೈಯಲ್ಲಿ ಹಿಡಿದು ಬಾಚುತ್ತಿದ್ದರು. "ತುದಿಯಿಂದ ಬಿಡಿಸ್ಕೊಂಡು ಬಂದ್ರೆ ನೋಯಲ್ಲ ಅಣ್ಣ," ಎಂದು ದಿನವೂ ಹೇಳುತ್ತಿದ್ದರು, ನಾನು ಕಲಿಯಲಿ ಎಂದು. ನಾನು ಕಲಿಯಲಿಲ್ಲ.

ಬಂದ ಮೊದಲ ವಾರವೇ ಅಕ್ಕನ ಪಾದಗಳನ್ನು ಬಿಸಿನೀರಿನಲ್ಲಿಟ್ಟು ತೊಳೆಯುತ್ತಿದ್ದವರು ಒಂದು ಪಾದವನ್ನು ಎತ್ತಿ ಬೆಳಕಿಗೆ ಹಿಡಿದರು. ಹೆಬ್ಬೆರಳಿನ ಉಗುರು ಬಾಗಿ ಮಾಂಸದೊಳಗೆ ಇಳಿದು ಕೀವಾಗಿತ್ತು.

"ಕಾಲು ನೋಡೇ ಇಲ್ವಾ ಅಣ್ಣ?"

"ಮಂಗಳವಾರ, ಶುಕ್ರವಾರ ಉಗುರು ತೆಗೀಬಾರ್ದಲ್ವಾ," ಎಂದೆ.

"ಮಿಕ್ಕ ವಾರಗಳೆಲ್ಲ ಎಲ್ಲಿಗೆ ಹೋಗಿದ್ವು?"

ಮಿಕ್ಕ ವಾರಗಳಿಗೂ ನನ್ನ ಬಳಿ ನೆಪಗಳಿದ್ದವು. ಏಕಾದಶಿ, ಅಮಾವಾಸ್ಯೆ, ಅಕ್ಕನ ಜನ್ಮನಕ್ಷತ್ರ. ನಿಜವೆಂದರೆ ಆ ಪಾದ ಮುಟ್ಟಲು ನನಗೆ ಹೇಸಿಗೆಯಾಗುತ್ತಿತ್ತು.

ಅಷ್ಟರಲ್ಲಿ ಅಕ್ಕ ತೊದಲುತ್ತಾ, "ಅವನಿಗೆ ಬೈಬೇಡಿ. ತೆಗೀತೀನಿ ಅಂತ ಅವ್ನು ಅಂದ, ನಾನೇ ಬೇಡ ಅಂದೆ," ಎಂದಳು.

ನಾನು ಒಂದು ದಿನವೂ ಹಾಗೆ ಅಂದವನಲ್ಲ. ಪಾದ ಒರೆಸುತ್ತಲೇ ಆಯಾ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.