ಮೊದಲ ಕೊಪ್ಪರಿಗೆಗೆ ಇಂಗ್ಲಿಷ್ ಹಾಡು

ತೊಂಬತ್ತರ ದಶಕದ ಆ ಮಧ್ಯಾಹ್ನ ಬಾಬುರಾಯನಕೊಪ್ಪಲಿನ ಹೊರಗಿದ್ದ ತಾತನ ಆಲೆಮನೆಯಲ್ಲಿ ನಾವು ಮೂವರೇ ಇದ್ದೆವು: ಪಾಕ ನೋಡುವ ತಾತ, ಒಲೆಗೆ ಕಬ್ಬಿನ ಸಿಪ್ಪೆ ನೂಕುವ ಸೋದರಮಾವ, ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು. ಆ ವರ್ಷದ ಮೊದಲ ಕೊಪ್ಪರಿಗೆ ಕುದಿಯುತ್ತಿತ್ತು. ಮೊದಲ ಕೊಪ್ಪರಿಗೆಯ ಬೆಲ್ಲ ಕರಿಘಟ್ಟ ಬೆಟ್ಟದ ಮೇಲಿನ ಕರಿಕಲ್ಲಿನ ದೇವರಿಗೆ. ಅದು ಆ ಮನೆಯ ಪದ್ಧತಿ. ಆ ಬೆಲ್ಲ ಹೊಂಬಣ್ಣಕ್ಕೇ ಬರಬೇಕೆನ್ನುವುದು ತಾತನ ಹಟ.

ತಾತನಿಗೆ ಗಡಿಯಾರ ಬೇಡ. ನೊರೆ ತೆಗೆದಾದ ಮೇಲೆ ಹರಿಕಥೆಯ ಕ್ಯಾಸೆಟ್ಟು ಹಾಕಿಸಿ ಸಿಪ್ಪೆಯ ರಾಶಿಗೆ ಒರಗಿಬಿಡುತ್ತಿದ್ದರು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ಪಾಕ ಹದಕ್ಕೆ ಬಂದಿರುತ್ತಿತ್ತು.

"ಟೇಪು ನಿಂತೇಟ್ಗೆ ಎಬ್ಬುಸ್ರಲಾ" ಎಂದು ಅಂದೂ ಮಲಗಿದರು.

ನನ್ನ ಚೀಲದಲ್ಲಿ ಹೊಸ ಕ್ಯಾಸೆಟ್ಟೊಂದಿತ್ತು. ಇಂಗ್ಲೆಂಡಿನ ನಾಲ್ವರು ಗಿಟಾರು, ಡ್ರಮ್ಮು ಹಿಡಿದು ನಮ್ಮ ಅಪ್ಪಂದಿರ ಕಾಲದಲ್ಲಿ ಮಾಡಿದ ರಾಕ್ ಆಲ್ಬಮ್ಮು. ತಮ್ಮೂರ ಸುತ್ತಮುತ್ತ ಹಾಡಿಕೊಂಡಿದ್ದವರು ಇದೊಂದರಿಂದ ಲೋಕಕ್ಕೆಲ್ಲ ಬೇಕಾದರಂತೆ. ಹಾಸ್ಟೆಲಿನಲ್ಲಿ ಕೇಳಿ ಕೇಳಿ ನನಗೂ ಹುಚ್ಚು ಹಿಡಿದಿತ್ತು. ತಾತ ಗೊರಕೆ ಹೊಡೆದದ್ದೇ ತಡ, ಹರಿಕಥೆ ತೆಗೆದು ಇದನ್ನು ತುರುಕಿದೆ.

ಮಾವ ತಲೆ ಎತ್ತಿದರು. "ಏನ್ಲಾ ಇದು, ತಮಟೆ ಬಡ್ದಂಗದೆ!"

ಎರಡನೇ ಹಾಡಿಗೆ ಟವೆಲು ಸೊಂಟಕ್ಕೆ ಬಿಗಿದು, ತಾಳಕ್ಕೆ ಸರಿಯಾಗಿ ಸಿಪ್ಪೆ ನೂಕತೊಡಗಿದರು. ಆ ಡ್ರಮ್ಮಿನವನಿಗೆ ನಿಧಾನವೆಂಬುದೇ ಗೊತ್ತಿಲ್ಲ; ಮಾವನಿಗೂ ಮರೆತುಹೋಯಿತು. ನಾನು ಪಕ್ಕದಲ್ಲಿ ಕುಣಿಯುತ್ತಿದ್ದೆ. ಹರಿಕಥೆಗೆ ಮೆಲ್ಲಗೆ ಉರಿಯುತ್ತಿದ್ದ ಬೆಂಕಿ ಅಂದು ಒಲೆಯ ಬಾಯಿಂದ ಆಚೆಗೇ ಬಂದಿತ್ತು.

ಟೇಪು ಇನ್ನೂ ಓಡುತ್ತಿರುವಾಗಲೇ ತಾತ ಮೂಗು ಅರಳಿಸಿ ಎದ್ದು ಕೂತರು. "ಲೇ, ಸೀದೋಯ್ತಾ ಅದೆ ಕಣ್ರಲಾ! ಉರಿ ಎಳೀರ್ಲಾ!"

ಮೂವರೂ ಸೇರಿ ಇಳಿಸಿ ಅಚ್ಚಿಗೆ ಹುಯ್ದೆವು. ಬೆಲ್ಲ ಹಳೇ ಹುಣಸೆಹಣ್ಣಿನಂತೆ ಕಪ್ಪಗೆ ಕೂತಿತು.

"ದೇವ್ರಿಗೆ ಎಲ್ಡ್ನೇ ಕೊಪ್ಪರ್ಗೇದು ಕೊಟ್ಬುಡಾನ ಕಣಪ್ಪೋ" ಎಂದರು ಮಾವ, ನೆಲ ನೋಡುತ್ತ.

"ಮೊದ್ಲುದ್ನ ನೀನು ತಿಂದು, ಆಮ್ಯಾಕಿಂದ ಅವನ್ಗೆ ಕೊಟ್ಟೀಯಾ?" ತಾತ ಒಂದು ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕ್ಯಾಸೆಟ್ಟು ಇನ್ನು ಒಲೆಗೇ ಎಂದುಕೊಂಡೆ. ಅಷ್ಟರಲ್ಲಿ ಅವರ ಮೀಸೆ ಅಲುಗಿತು. "ಬೆಟ್ಟದ್ ಮೇಲಿರೋನೇನು ಬೆಳ್ಳಗವ್ನಾ? ಬುಡ್ರಲಾ, ಇದ್ನೇ ತಕಂಡೋಗಾನ."

ಮರುದಿನ ಬೆಟ್ಟ ಹತ್ತಿದೆವು. ಅರ್ಚಕರು ನೈವೇದ್ಯ ಮಾಡಿ ಹಂಚಿದರು. ಸುಟ್ಟ ಸಕ್ಕರೆಯ ಘಮವಿದ್ದ ಆ ಬೆಲ್ಲಕ್ಕೆ ಮಕ್ಕಳು ಎರಡೆರಡು ಸಲ ಕೈ ಚಾಚಿದರು. ತಾತ ಮೆಟ್ಟಿಲ ಮೇಲೆ ಕೂತು ಅದನ್ನೆಲ್ಲ ನೋಡಿ, ನನ್ನನ್ನು ಕೇಳಿದರು:

"ಆ ಕೂಗಾಡೋರ ಊರಲ್ಲಿ ಕಬ್ಬು ಬೆಳೀತಾರೇನ್ಲಾ?"

"ಇಲ್ಲ ತಾತ."

"ಪಾಪ."

ಬೆಟ್ಟ ಇಳಿದು ಬಂದ ಮೇಲೆ ತಾತ ಎರಡನೇ ಕೊಪ್ಪರಿಗೆಗೂ ಅದೇ ಕ್ಯಾಸೆಟ್ಟು ಹಾಕಿಸಿದರು. ತಾವೇ ಒಲೆಯ ಮುಂದೆ ಕೂತು ಸಿಪ್ಪೆ ನೂಕಿದರು, ಮಾವನನ್ನು ಕುಣಿಯಲು ಬಿಟ್ಟರು.