ಬಳ್ಳಾರಿ ಚುಕ್ಕಿ ಹರಪನಹಳ್ಳಿ

ಕಾಲೇಜಿನ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಮಾನಿಟರೊಂದನ್ನು ಮೊನ್ನೆ ಚಾಲೂ ಮಾಡಿದೆ. ಬಿಸಿಯಾದ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ನಮ್ಮ ಕಂಪ್ಯೂಟರ್ ಮೇಡಂ ನೆನಪಾದರು.

ಎರಡು ಸಾವಿರದ ಆಚೀಚಿನ ವರ್ಷಗಳು. ಹರಪನಹಳ್ಳಿ ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವರು ನಮಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಕೆಳಗೆ ಇದ್ದದ್ದು ಮೆಕ್ಕೆಜೋಳದ ಗೋದಾಮೋ, ಗೊಬ್ಬರದ ಅಂಗಡಿಯೋ… ಪ್ರಮಾಣ ಮಾಡಿ ಹೇಳಲಾರೆ.

ಜಿಲ್ಲೆಯೊಳಗೆ ತಾಲೂಕು, ತಾಲೂಕಿನೊಳಗೆ ಊರು. ನಮಗೆ ಅಭ್ಯಾಸಕ್ಕೆ ಕೊಟ್ಟಿದ್ದು ಹೀಗೆ ಡಬ್ಬಿಯೊಳಗೆ ಡಬ್ಬಿ ಇಟ್ಟಂಥ ಮಾಹಿತಿ. ಒಳಗಿನ ಊರನ್ನು ತೆಗೆಯಲು ಪುಸ್ತಕದ ಪ್ರಕಾರ ಪ್ರತಿ ಹೆಸರಿಗೂ ಚೌಕದ ಆವರಣ, ಅದರೊಳಗೆ ಕೊಟೇಶನ್ ಗುರುತು ಹಾಕಬೇಕಿತ್ತು. ಅರ್ಧ ತರಗತಿ ಅಲ್ಲೇ ಮುಗ್ಗರಿಸುತ್ತಿತ್ತು. ಮೇಡಂ ತಾವೇ ಪ್ರೋಗ್ರಾಮಿನಲ್ಲಿ 'ಕ್ಲಾಸ್' ಎಂಬ ಸಣ್ಣ ಅಚ್ಚೊಂದನ್ನು ಬರೆದು, ಪ್ರತಿ ಡಬ್ಬಿಯೂ ಹೆಸರು ಕರೆದರೆ ಸಾಕು ಒಳಗಿನದನ್ನು ಕೊಡುವಂತೆ ಮಾಡಿಬಿಟ್ಟರು. ಆಮೇಲೆ ಹೆಸರುಗಳ ನಡುವೆ ಚುಕ್ಕಿ ಇಟ್ಟರೆ ಸಾಕು: ದಾವಣಗೆರೆ ಚುಕ್ಕಿ ಹರಪನಹಳ್ಳಿ ಚುಕ್ಕಿ ಚಿಗಟೇರಿ.

ನಮ್ಮ ತಾಲೂಕು ದಾವಣಗೆರೆಗೆ ಸೇರಿ ಆಗ ಕೆಲವೇ ವರ್ಷಗಳಾಗಿದ್ದವು. ಚಿಗಟೇರಿಯ ಗೆಳತಿ ರೂಢಿಯಿಂದ ಬಳ್ಳಾರಿ ಎಂದು ಒತ್ತಿದಳು. ಎರರ್ ಬಂತು.

"ನಮ್ಮಪ್ಪ ಇನ್ನೂ ಬಳ್ಳಾರಿ ಜಿಲ್ಲಾನ ಅಂತಾನ್ರಿ ಮೇಡಂ. ಅವಗೆ ಎಂದೂ ಎರರ್ ಬಂದಿಲ್ಲ" ಎಂದಳು.

ಮೇಡಂ ನಕ್ಕು, ಬಳ್ಳಾರಿಯಲ್ಲಿ ಹರಪನಹಳ್ಳಿ ಸಿಗದಿದ್ದರೆ ದಾವಣಗೆರೆಯಲ್ಲಿ ಹುಡುಕು ಎಂಬ ಸಾಲನ್ನೂ ಸೇರಿಸಿದರು.

ಪರೀಕ್ಷೆಗೆ ಮುಂಚೆ, ಕೇಂದ್ರ ನಡೆಸುತ್ತಿದ್ದ ಸಂಸ್ಥೆಯ ಕಡೆಯಿಂದ ತಪಾಸಣೆಗೆ ಬಂದವರೊಬ್ಬರು ಮೇಡಂ ಬರೆದ ಈ ಚುಕ್ಕಿಯ ಕ್ಲಾಸನ್ನು ಕಂಡರು.

"ಇದು ಪುಸ್ತಕದಾಗ ಇಲ್ಲ. ಅಳಸ್ರಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ."

"ಪುಸ್ತಕದಾಗ ಚಿಗಟೇರಿನೂ ಇಲ್ರಿ ಸರ್" ಎಂದರು ಮೇಡಂ. "ಅದನ್ನೂ ಅಳಸ್ಲೇನ್ರಿ?"

ಅವರು ನಗಲಿಲ್ಲ. ಮೇಡಂ ಅಳಿಸಲಿಲ್ಲ. ಮರುದಿನ ಮೇಡಂ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

ಆ ಗೆಳತಿ ಈಗ ನನ್ನನ್ನು ತಿದ್ದುತ್ತಾಳೆ. "ಲೇ, ಅವ್ರು ಅಷ್ಟೆಲ್ಲ ಮಾತಾಡ್ಲಿಲ್ಲ. ಸುಮ್ನ ಚೀಲ ತಗಂಡು ಹೋದ್ರು." ಇರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಆ ಉತ್ತರವನ್ನು ವರ್ಷಗಳುದ್ದಕ್ಕೂ ಮಸೆದವನು ನಾನೇ ಇದ್ದೇನು… ಆದರೆ ಅಳಿಸಲಿಲ್ಲ ಎಂಬುದನ್ನು ಅವಳೂ ಒಪ್ಪುತ್ತಾಳೆ.

ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮೇಡಂ ತೀರಿಕೊಂಡು ಕೆಲವು ವರ್ಷಗಳಾದವಂತೆ. ಸುದ್ದಿ ನನಗೆ ಮುಟ್ಟಿದ್ದು ತಡವಾಗಿ. ನಾನು ಪಾಠ ಹೇಳುವ ಕಾಲೇಜಿನ ಪಠ್ಯದಲ್ಲಿ ಇವತ್ತಿಗೂ ಆವರಣಗಳೇ ಇವೆ. ನಾನು ಮೊದಲು ಚುಕ್ಕಿಯನ್ನೇ ಕಲಿಸುತ್ತೇನೆ. ತಪಾಸಣೆಗೆ ಬರುವವರು ಬರಲಿ.