ಜೊತೆಗಾರನ ಮಾತು ಕಲಿತ ವಾರಿಜಾ

ಕಾಸರಗೋಡಿನಿಂದ ಬರುವ ಕನ್ನಡ ಅರ್ಜಿಗಳನ್ನು ಮಲಯಾಳಕ್ಕೆ ಅನುವಾದಿಸುವುದು ವಾರಿಜಾಳ ಕೆಲಸ. ರಾಜಧಾನಿಯ ಪಟ್ಟಂ ಬಡಾವಣೆಯ ಸರ್ಕಾರಿ ಕಚೇರಿಯಲ್ಲಿ ಕಳೆದ ಹದಿನೆಂಟು ವರ್ಷಗಳಲ್ಲಿ ಒಂದು ಸಾಲನ್ನೂ ಅರ್ಥವಾಗದೆ ಮುಂದಕ್ಕೆ ದಾಟಿಸಿದವಳಲ್ಲ.

ಮಗಳು ಶ್ರಾವ್ಯಳಿಗೆ ಹನ್ನೆರಡು. ಅವಳು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಕೂತಾಗ, ಕೊಚ್ಚಿಯ ಬಳಿಯ ಅಂಬಲಮುಗಳ್‌ನಲ್ಲಿ ಕೆಲಸದಲ್ಲಿದ್ದ ಅಪ್ಪ ಹರಿನಾರಾಯಣ ಒಂದು ಜಪಾನಿ ವಿಡಿಯೊ ಗೇಮ್ ತಂದುಕೊಟ್ಟ. ಬೇರೆ ಲೋಕದ ಜೀವಿಯೊಂದನ್ನು ಕರೆಸಿಕೊಂಡು, ಚದುರಂಗದ ಹಾಗೆ ಚೌಕದಿಂದ ಚೌಕಕ್ಕೆ ನಡೆಸಿ ಯುದ್ಧ ಮಾಡಬೇಕು. ಪ್ರತಿ ಯುದ್ಧದ ನಂತರ ಆ ಜೊತೆಗಾರ ಪಕ್ಕದಲ್ಲಿ ಕೂತು ಏನೋ ಕೇಳುತ್ತಾನೆ. ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಎಲ್ಲವೂ ಜಪಾನಿಯಲ್ಲಿ. ಶ್ರಾವ್ಯ ಕೈಗೆ ಬಂದದ್ದನ್ನು ಒತ್ತುತ್ತ ಹೋದಳು. ಯುದ್ಧಗಳನ್ನೆಲ್ಲ ಗೆದ್ದಳು. ಕೊನೆಗೆ ಕೊಂಬಿನ ಪುಟ್ಟ ಜೊತೆಗಾರ ಬೆನ್ನು ತಿರುಗಿಸಿ ಹೊರಟೇಹೋದ.

“ಅಮ್ಮೇ, ಅವನ್ ಪೋಯಿ,” ಎಂದು ಅತ್ತಳು. ಕನ್ನಡ ಅರ್ಥವಾದರೂ ಅವಳು ಉತ್ತರಿಸುತ್ತಿದ್ದದ್ದು ಮಲಯಾಳದಲ್ಲೇ.

“ಅವ ಎಂತ ಕೇಳಿದ್ದು? ನೀನೆಂತ ಹೇಳಿದ್ದು?”

ಶ್ರಾವ್ಯಳಿಗೆ ಗೊತ್ತಿರಲಿಲ್ಲ. ಅದು ವಾರಿಜಾಳನ್ನು ಕೊರೆಯತೊಡಗಿತು. ಮರುದಿನವೇ ಬಸ್ಸಿನಲ್ಲಿ ಫೋನ್ ಹಿಡಿದು ಜಪಾನಿ ಅಕ್ಷರ ತಿದ್ದಲು ಕೂತಳು.

“ನಲವತ್ತಾರಕ್ಕೆ ಜಪಾನಿ ಎಂತಕ್ಕೆ ಮಾರಾಯ್ತಿ? ಉತ್ತರ ಇಂಟರ್ನೆಟ್ಟಿನಲ್ಲಿ ಸಿಗ್ತದೆ,” ಎಂದು ಹರಿನಾರಾಯಣ ನಕ್ಕ.

“ಉತ್ತರ ಸಿಗ್ತದೆ. ಅವ ಕೇಳಿದ್ದು ನಮಗೆ ಗೊತ್ತಾಗುದು ಬೇಡವಾ?”

ಅಕ್ಷರಗಳಿಗೆ ಒಂದು ತಿಂಗಳು ಹಿಡಿಯಿತು. ಚಿತ್ರದಂಥ ಲಿಪಿ ಇನ್ನೂ ಆರು ತಿಂಗಳು ಸತಾಯಿಸಿತು. ಆದರೆ ಕ್ರಿಯಾಪದ ಕನ್ನಡದ ಹಾಗೆಯೇ ವಾಕ್ಯದ ಕೊನೆಗೆ ಬರುತ್ತದೆಂದು ತಿಳಿದ ದಿನ ಅವಳಿಗೆ ಧೈರ್ಯ ಬಂತು. ಭಾನುವಾರಗಳಂದು ಅಮ್ಮ ಮಗಳು ಆಟವನ್ನು ಮೊದಲಿನಿಂದ ಶುರುಮಾಡಿದರು. ವಾರಿಜಾ ಒಂದೊಂದೇ ಮಾತನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿ ಓದಿ ಹೇಳುವಳು. ಒಮ್ಮೆ ‘ಮನೆಗೆ ಹೋಗಬೇಕು ಅನಿಸುತ್ತದೆ’ ಎಂಬುದನ್ನು ‘ಮನೆಗೆ ಹೋಗು’ ಎಂದು ತಿಳಿದಳು. ಅದಕ್ಕೆ ತಕ್ಕ ಉತ್ತರ ಕೊಟ್ಟದ್ದೇ ತಡ, ಜೊತೆಗಾರ ಮೂರು ಯುದ್ಧ ಕಳೆಯುವವರೆಗೆ ಮಾತಾಡಲಿಲ್ಲ. “ತಪ್ಪು ನನ್ನದೇ ಮಗಳೇ,” ಎಂದು ವಾರಿಜಾ ಒಪ್ಪಿಕೊಂಡು ಆ ಪ್ರಶ್ನೆಯಿಂದಲೇ ಮತ್ತೆ ಆಡಿಸಿದಳು.

ಕೊನೆಯ ಅಧ್ಯಾಯದ ಹೊತ್ತಿಗೆ ಅವಳು ಕಚೇರಿಯ ಕೆಲಸದ ಮೇಲೆ ಕೊಚ್ಚಿಯ ಹೈಕೋರ್ಟಿಗೆ ಹೋಗಬೇಕಾಯಿತು. ಊಟದ ಬಿಡುವಿನಲ್ಲಿ, ಶಾಲೆಗೆ ರಜೆಯಿದ್ದ ಶ್ರಾವ್ಯಳಿಂದ ಫೋಟೊ ಬಂತು, ಹಿಂದೆಯೇ ಕರೆ. ವಾರಿಜಾ ಕಾರಿಡಾರಿನಲ್ಲಿ ನಿಂತು ಓದಿದಳು: “‘ನನ್ನನ್ನು ಯಾಕೆ ಕರೆದೆ?’ ಅಂತ ಕೇಳ್ತಿದ್ದಾನೆ. ಒಂದನೇದು, ‘ಯುದ್ಧ ಗೆಲ್ಲಲಿಕ್ಕೆ.’ ಎರಡನೇದು, ‘ನಾನು ಒಂಟಿಯಾಗಿದ್ದೆ.’ ಮೂರನೇದು, ‘ಗೊತ್ತಿಲ್ಲ, ಆದ್ರೆ ನೀನು ಬಂದದ್ದು ಒಳ್ಳೇದಾಯ್ತು.’ ಎರಡನೇದು ಒತ್ತು.”



“ಬೇಡಮ್ಮ. ಮೂರನೇದು. ಅದೇ ನಿಜ.”

ಕನ್ನಡ! ವಾರಿಜಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. “ಆಯ್ತು, ನಿನಗೆ ಸರಿ ಕಂಡದ್ದು ಮಾಡು,” ಎಂದಷ್ಟೇ ಹೇಳಿದಳು.

“ಅವ ಹೋಗ್ಲಿಲ್ಲಮ್ಮ! ಇಲ್ಲೇ ಕೂತಿದ್ದಾನೆ!”

ಅಕ್ಕಪಕ್ಕದ ವಕೀಲರು ತಿರುಗಿ ನೋಡುವಷ್ಟು ಗಟ್ಟಿಯಾಗಿ ವಾರಿಜಾ ನಕ್ಕುಬಿಟ್ಟಳು.

ಆ ನೋಟ್‌ಬುಕ್ಕು ಈಗ ಶ್ರಾವ್ಯಳ ಬಳಿ ಇದೆ. ಕನ್ನಡ ಅಕ್ಷರ ಕಲಿತು ಅದನ್ನು ತಾನೇ ಓದಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಒತ್ತಕ್ಷರಗಳಲ್ಲಿ ಇನ್ನೂ ತಡವರಿಸುತ್ತಾಳೆ; ವಾರಿಜಾ ಅವಸರ ಮಾಡುವುದಿಲ್ಲ.